ನಗೆಯ ಸರಣಿಗೆ ಮಂಗಳ ಹಾಡುವುದು ಹೇಗೆ?

ಭೂಮಿಯನ್ನು ಎಂಟು ದಿಕ್ಕಿಗೆ ನಿಂತ ಎಂಟು ಆನೆಗಳು ಹೊತ್ತಿವೆ, ಎಲ್ಲಕ್ಕೂ ಕೆಳಗೆ ಆದಿಕೂರ್ಮನಿದ್ದಾನೆ ಎಂಬ ಮಾತು ಪುರಾಣ ಕೇಳಿ ಬೆಳೆದವರಿಗೆ ಹೊಸದಲ್ಲ. 17ನೇ ಶತಮಾನದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ತನ್ನ ವಾದದ ನಡುವೆ ಈ ಆನೆ-ಆಮೆಯ ಪ್ರಸಂಗವನ್ನು ತಂದಿದ್ದ. ಆಮೆಯ ಕೆಳಗೆ ಏನಿದೆ ಎಂದು ಕೇಳಿದರೆ ಉತ್ತರವಿಲ್ಲ ಎಂದು ತೋರಿಸುವುದಷ್ಟೇ ಅವನಿಗೆ ಬೇಕಿತ್ತು. ಮುನ್ನೂರು ವರ್ಷಗಳ ನಂತರ ಅದೇ ಇಂಗ್ಲೆಂಡಿನ ಇನ್ನೊಬ್ಬನಿಗೆ ಆಮೆಯ ಕೆಳಗೇನಿದೆ ಎಂಬ ಚಿಂತೆ ಹತ್ತಲಿಲ್ಲ, ಮೇಲೇನಿದೆ ಎಂಬ ಕುತೂಹಲ ಹತ್ತಿತು. ಟೆರಿ ಪ್ರ್ಯಾಚೆಟ್ ಆನೆಗಳನ್ನು ಎಂಟರಿಂದ ನಾಲ್ಕಕ್ಕೆ ಇಳಿಸಿದ, ಆಮೆಯನ್ನು ಬಾಹ್ಯಾಕಾಶದಲ್ಲಿ ಈಜಲು ಬಿಟ್ಟ, ಆನೆಗಳ ಬೆನ್ನ ಮೇಲೆ ಚಪ್ಪಟೆಯಾದ ಒಂದು ದುಂಡು ಲೋಕವನ್ನಿಟ್ಟು ಅದಕ್ಕೆ 'ಡಿಸ್ಕ್‌ವರ್ಲ್ಡ್' ಎಂದು ಹೆಸರಿಟ್ಟ. 1983ರಲ್ಲಿ ಬಂದ ಮೊದಲ ಕಾದಂಬರಿ 'ದಿ ಕಲರ್ ಆಫ್ ಮ್ಯಾಜಿಕ್', ರಾಜಕುಮಾರ-ಮಂತ್ರವಾದಿ-ಮಾಯಾಖಡ್ಗಗಳ ಕತೆಗಳನ್ನು ಗೇಲಿ ಮಾಡುವ ಲಘು ಹಾಸ್ಯ. ಅಲ್ಲಿಂದ ಮುಂದೆ 32 ವರ್ಷಗಳಲ್ಲಿ ಆ ಲೋಕದ ಮೇಲೆ 41 ಕಾದಂಬರಿಗಳು ಬಂದವು. ಅವನ ಪುಸ್ತಕಗಳು ಎಂಟೂವರೆ ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದವು, ಹಲವಾರು ಭಾಷೆಗಳಿಗೆ ಹೋದವು. ಸರಣಿಯ ಕೊನೆಯ ಕಾದಂಬರಿ 'ದಿ ಶೆಪರ್ಡ್ಸ್ ಕ್ರೌನ್' 2015ರ ಆಗಸ್ಟ್ 27ರಂದು ಪ್ರಕಟವಾಯಿತು. ಲೇಖಕ ಅದೇ ವರ್ಷದ ಮಾರ್ಚ್ 12ರಂದು, ತನ್ನ 66ನೇ ವಯಸ್ಸಿನಲ್ಲಿ, ತೀರಿಹೋಗಿದ್ದ.

ಈ ಕೊನೆಯ ಪುಸ್ತಕದ ಬಗ್ಗೆ ಅಭಿಮಾನಿಗಳೂ ದನಿ ತಗ್ಗಿಸಿಯೇ ಮಾತಾಡುತ್ತಾರೆ. ಪಾಪ, ಕಾಯಿಲೆಯಲ್ಲಿ ಬರೆದದ್ದು, ಅಲ್ಲಲ್ಲಿ ಸಡಿಲ, ಆದರೂ ಓದಬೇಕು ಎನ್ನುವ ರೀತಿ. ನನ್ನ ವಾದ ಬೇರೆ. ನಗೆಯ ಸರಣಿಗಳಲ್ಲಿ ಸರಿಯಾಗಿ ಮುಗಿದವು ತೀರ ಕಡಿಮೆ. ಆ ಕಡಿಮೆಯಲ್ಲಿ ಇದೊಂದು. ಸಡಿಲವಾಗಿದ್ದರೂ ಸರಿಯಾಗಿ ಮುಗಿದಿದೆ. ಅದು ಹೇಗೆ ಎಂದು ನೋಡುವ ಮೊದಲು, ನಗೆಯ ಸರಣಿಯನ್ನು ಮುಗಿಸುವುದು ಯಾಕಿಷ್ಟು ಕಷ್ಟ ಎಂಬುದನ್ನು ಸ್ವಲ್ಪ ವಿಚಾರಿಸಬೇಕು.

ದುರಂತ ಕತೆಗೆ ಕೊನೆ ಅದರ ಹುಟ್ಟಿನಲ್ಲೇ ಇರುತ್ತದೆ. ಕರ್ಣನ ಕತೆ ಶುರುವಾದಾಗಲೇ ಅವನ ರಥದ ಚಕ್ರ ಹೂಳುವುದು ನಮಗೆ ಗೊತ್ತು. ಹಾಸ್ಯದ ಕತೆ ಹಾಗಲ್ಲ, ಅದು ಪ್ರತಿ ಸಲವೂ ಹೊರಟಲ್ಲಿಗೇ ಮರಳುತ್ತದೆ. ತೆನಾಲಿ ರಾಮ ಇವತ್ತು ಅರಸನ ಸಿಟ್ಟಿಗೆ ಗುರಿಯಾಗಿ ಹೇಗೋ ಪಾರಾದರೆ ನಾಳೆ ಮತ್ತೆ ಅದೇ ಆಸ್ಥಾನದಲ್ಲಿ ಅದೇ ತಲೆಹರಟೆ. ನಿನ್ನೆಯ ಪೆಟ್ಟು ಇವತ್ತಿನ ಕತೆಗೆ ನೆನಪಿರುವುದಿಲ್ಲ. ನೆನಪಿದ್ದರೆ ನಗು ಹುಟ್ಟುವುದೂ ಇಲ್ಲ. 'ಚಂದಮಾಮ' ಪತ್ರಿಕೆ ಓದಿದವರಿಗೆ ಇದರ ಅತಿ ಸುಂದರ ಉದಾಹರಣೆ ಗೊತ್ತೇ ಇದೆ. ಬೇತಾಳನ ಮೂಲ ಕತೆಗಳು 25. ಹನ್ನೊಂದನೇ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದಲ್ಲಿ ಕೊನೆಯ ಪ್ರಶ್ನೆಗೆ ರಾಜನ ಬಳಿ ಉತ್ತರವಿರುವುದಿಲ್ಲ, ಹಾಗಾಗಿ ಮೌನ ಮುರಿಯುವುದಿಲ್ಲ, ಬೇತಾಳ ಮೆಚ್ಚಿ, ಶವ ತರಲು ರಾಜನನ್ನು ಕಳಿಸಿದ ಸನ್ಯಾಸಿಯ ಸಂಚನ್ನು ಹೇಳಿಬಿಡುತ್ತಾನೆ, ಕತೆ ಮುಗಿಯುತ್ತದೆ. 'ಚಂದಮಾಮ'ದವರು ಆ ಮುಕ್ತಾಯವನ್ನೇ ಕೈಬಿಟ್ಟರು. 1948ರಲ್ಲಿ ಶುರುವಾದ ಕನ್ನಡ ಆವೃತ್ತಿಯನ್ನು ಓದುತ್ತ ಅಜ್ಜ, ಅಪ್ಪ, ಮೊಮ್ಮಗ ಮೂವರೂ ಬೆಳೆದರು. ಅಷ್ಟೂ ಕಾಲ ಶವ ಹೆಗಲಿಂದ ಹಾರಿ ಮರಕ್ಕೆ ನೇತುಬೀಳುತ್ತಲೇ ಇತ್ತು, ಚಿತ್ರಕಾರ ಶಂಕರ್ ಬರೆದ ಆ ಭುಜ, ಆ ಖಡ್ಗ, ಆ ಸ್ಮಶಾನ ಬದಲಾಗಲಿಲ್ಲ. ಕೊನೆಗೆ ಪತ್ರಿಕೆಯೇ ನಿಂತಿತು, ಕತೆಗೆ ಕೊನೆ ಸಿಗಲೇ ಇಲ್ಲ. ಹಾಸ್ಯ ಮತ್ತು ಅದ್ಭುತ ಬೆರೆತ ಹೆಚ್ಚಿನ ಸರಣಿಗಳ ಹಣೆಬರಹವೂ ಇದೇ. ಮುಗಿಸಬೇಕೆಂದು ಯಾರೂ ಕೂತು ಮುಗಿಸುವುದಿಲ್ಲ, ಯಾವುದೋ ಕಾರಣಕ್ಕೆ ನಿಂತುಹೋಗುತ್ತವೆ.

ಮುಗಿಸಲು ಹೊರಟವರೂ ಸುಖವಾಗಿ ಮುಗಿಸಲಿಲ್ಲ. ಸ್ಪೇನಿನ ಸರ್ವಾಂಟಿಸ್ 'ಡಾನ್ ಕ್ವಿಕ್ಸಾಟ್'ನ ಮೊದಲ ಭಾಗವನ್ನು 1605ರಲ್ಲಿ ಪ್ರಕಟಿಸಿ ಎರಡನೆಯದನ್ನು ನಿಧಾನಿಸುತ್ತಿದ್ದಾಗ, 1614ರಲ್ಲಿ ಬೇರೊಬ್ಬ ಸುಳ್ಳು ಹೆಸರಿನಲ್ಲಿ ನಕಲಿ ಎರಡನೇ ಭಾಗ ಬರೆದು ಮಾರಿದ. ಕೆರಳಿದ ಸರ್ವಾಂಟಿಸ್ ಮರುವರ್ಷ ತನ್ನ ಎರಡನೇ ಭಾಗ ಹೊರತಂದು, ನಾಯಕನಿಗೆ ಹುಚ್ಚು ಬಿಡಿಸಿ, ಹಾಸಿಗೆಯ ಮೇಲೆ ಸಾಯಿಸಿ, ಇನ್ನು ಯಾರೂ ಇವನನ್ನು ಎಬ್ಬಿಸಿಕೊಂಡು ಹೋಗದ ಹಾಗೆ ಮಾಡಿದ. ಅದ್ಭುತ ಕೃತಿ, ಸಂಶಯವಿಲ್ಲ. ಆದರೆ ಆ ಕೊನೆಯಲ್ಲಿ ಬಾಗಿಲಿಗೆ ಬೀಗ ಜಡಿದ ಸದ್ದು ಕೇಳುತ್ತದೆ. ಪಿ.ಜಿ. ವುಡ್‌ಹೌಸ್ 1975ರಲ್ಲಿ, 93ನೇ ವಯಸ್ಸಿನಲ್ಲಿ, ಆಸ್ಪತ್ರೆಯಲ್ಲಿ ತೀರಿಕೊಂಡಾಗ ಬ್ಲಾಂಡಿಂಗ್ಸ್ ಕೋಟೆಯ ಇನ್ನೊಂದು ಕಾದಂಬರಿಯ ಹಸ್ತಪ್ರತಿ ಅರ್ಧಕ್ಕೆ ನಿಂತಿತ್ತು. ಅದು 1977ರಲ್ಲಿ ಟಿಪ್ಪಣಿಗಳ ಸಮೇತ ಅಚ್ಚಾಯಿತು. ಅಲ್ಲಿ ಕೊನೆಯೆಂಬುದೇ ಇಲ್ಲ, ಹಂದಿ ಸಾಕುವ ಲಾರ್ಡ್ ಎಮ್ಸ್‌ವರ್ತ್ ಈಗಲೂ ಅದೇ ಬೇಸಿಗೆಯಲ್ಲಿ ಓಡಾಡುತ್ತಿದ್ದಾನೆ. ಡಗ್ಲಸ್ ಆಡಮ್ಸ್ 'ಹಿಚ್‌ಹೈಕರ್ಸ್ ಗೈಡ್' ಸರಣಿಯ ಐದನೆಯ ಪುಸ್ತಕದಲ್ಲಿ, 1992ರಲ್ಲಿ, ಎಲ್ಲ ಸಾಧ್ಯ ವಿಶ್ವಗಳಲ್ಲಿರುವ ಎಲ್ಲ ಭೂಮಿಗಳನ್ನೂ ನಾಶಮಾಡಿ ಕೈತೊಳೆದುಕೊಂಡ. ಆಮೇಲೆ ಅವನಿಗೇ ಅದು ತೀರ ಕಹಿಯೆನಿಸಿ ಇನ್ನೊಂದು ಬರೆಯುವ ಮನಸ್ಸಾಗಿತ್ತು. 2001ರಲ್ಲಿ ಅವನು ಹಠಾತ್ತನೆ ಹೋದ. 2009ರಲ್ಲಿ ಬೇರೊಬ್ಬ ಲೇಖಕ ಆರನೆಯದನ್ನು ಬರೆದ. ಬೀಗ, ಅರ್ಧ ಹಸ್ತಪ್ರತಿ, ಸ್ಫೋಟ: ನಗೆಗಾರರಿಗೆ ಇಷ್ಟೇ ದಾರಿ ಎಂದು ತೋರುತ್ತಿತ್ತು.

ಪ್ರ್ಯಾಚೆಟ್‌ಗೆ ಬೇರೆ ದಾರಿ ಸಿಕ್ಕಿದ್ದಕ್ಕೆ ಕಾರಣ ಅವನ ಲೋಕದ ಕಟ್ಟಡದಲ್ಲೇ ಇದೆ. ಮೊದಲ ಕೆಲವು ಪುಸ್ತಕಗಳನ್ನು ಬಿಟ್ಟರೆ ಡಿಸ್ಕ್‌ವರ್ಲ್ಡ್‌ನಲ್ಲಿ ಕಾಲ ನಡೆಯುತ್ತದೆ. ಅಲ್ಲಿನ ದೊಡ್ಡ ಊರು ಆಂಕ್-ಮಾರ್ಪೋರ್ಕ್. ಅದರಲ್ಲಿ ಅರಮನೆಗಿಂತ ಅಂಗಡಿ, ಗಟಾರ, ಪೊಲೀಸ್ ಠಾಣೆ, ತಳ್ಳುಗಾಡಿ, ಕಳ್ಳರಿಗೂ ಒಂದು ಸಂಘ, ಆ ಸಂಘಕ್ಕೂ ಒಂದು ರಸೀದಿ ಪುಸ್ತಕ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸಂಜೆ ಹೊತ್ತು ಚೌಕಾಸಿ ಮಾಡಿದವರಿಗೆ ಆ ಊರಿನ ವ್ಯವಹಾರ ಅರ್ಥವಾಗಲು ಟಿಪ್ಪಣಿ ಬೇಕಾಗುವುದಿಲ್ಲ. ಈ ಊರಿಗೆ 2000ದ 'ದಿ ಟ್ರೂತ್' ಕಾದಂಬರಿಯಲ್ಲಿ ಮುದ್ರಣಯಂತ್ರ ಮತ್ತು ಪತ್ರಿಕೆ ಬಂದವು. 2004ರ 'ಗೋಯಿಂಗ್ ಪೋಸ್ಟಲ್'ನಲ್ಲಿ ಸತ್ತುಬಿದ್ದ ಅಂಚೆ ಇಲಾಖೆ ಎದ್ದಿತು. 2007ರ 'ಮೇಕಿಂಗ್ ಮನಿ'ಯಲ್ಲಿ ಕಾಗದದ ನೋಟು. 2013ರ 'ರೈಸಿಂಗ್ ಸ್ಟೀಮ್'ನಲ್ಲಿ ರೈಲು. ಮಾಂತ್ರಿಕರ ಲೋಕ ನಿಧಾನವಾಗಿ ಗುಮಾಸ್ತರ, ಎಂಜಿನಿಯರರ ಲೋಕವಾಗುತ್ತ ಬಂತು. ಪಾತ್ರಗಳಿಗೆ ವಯಸ್ಸಾಯಿತು, ಬಡ್ತಿ ಸಿಕ್ಕಿತು, ಮಕ್ಕಳಾದರು. ಹಾಸ್ಯ ಮರೆವಿನಿಂದ ಹುಟ್ಟುತ್ತದೆ ಎಂದು ಮೇಲೆ ಹೇಳಿದೆ. ಇವನ ಹಾಸ್ಯ ನೆನಪಿಟ್ಟುಕೊಳ್ಳುವುದನ್ನು ಕಲಿಯಿತು. ವಯಸ್ಸಾಗುವ ಲೋಕಕ್ಕೆ ಮಾತ್ರ ಕೊನೆಯೂ ಬರಬಲ್ಲದು.

ಕೊನೆಯ ಕಾದಂಬರಿಗೆ ಅವನು ಆರಿಸಿಕೊಂಡದ್ದು ಆ ದೊಡ್ಡ ಊರನ್ನಲ್ಲ, ಕುರಿ ಮೇಯುವ ಗುಡ್ಡಗಳನ್ನು. ಅಲ್ಲಿನ ನಾಯಕಿ ಟಿಫನಿ ಏಕಿಂಗ್. 2003ರ 'ದಿ ವೀ ಫ್ರೀ ಮೆನ್'ನಲ್ಲಿ ಒಂಬತ್ತು ವರ್ಷದ ಹುಡುಗಿ, ಕೊನೆಯ ಪುಸ್ತಕಕ್ಕೆ ಬರುವಷ್ಟರಲ್ಲಿ ಬೆಳೆದ ಯುವತಿ. ಅವಳ ಉದ್ಯೋಗವನ್ನು ಕನ್ನಡದ ಓದುಗರು ಮಾಟಗಾತಿಯ ಕೆಲಸವೆಂದು ತಿಳಿದರೆ ಕತೆ ಕೈಜಾರುತ್ತದೆ. ಈ ಹೆಂಗಸರು ಮಂತ್ರ ಹಾಕುವುದು ಅಪರೂಪ. ಹೆರಿಗೆ ಮಾಡಿಸುತ್ತಾರೆ, ಮೂಳೆ ಕಟ್ಟುತ್ತಾರೆ, ಎದ್ದು ಓಡಾಡಲಾಗದ ಮುದುಕರ ಕಾಲುಗುರು ಕತ್ತರಿಸುತ್ತಾರೆ, ಹೆಣದ ಪಕ್ಕ ರಾತ್ರಿ ಕೂರುತ್ತಾರೆ, ದಾಯಾದಿ ಜಗಳ ಬಿಡಿಸುತ್ತಾರೆ. ನಮ್ಮ ಹಳ್ಳಿಗಳ ಸೂಲಗಿತ್ತಿಯರನ್ನು ನೆನೆದರೆ ಸರಿಯಾದ ಚಿತ್ರ ಬರುತ್ತದೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದು ಇಂಥ ಕೆಲಸಕ್ಕೇ. ಈ ಹೆಂಗಸರಿಗೆಲ್ಲ ಹಿರಿಯಳು ವೆದರ್‌ವ್ಯಾಕ್ಸ್ ಅಜ್ಜಿ. ಪಟ್ಟ ಕಟ್ಟಿದವರಿಲ್ಲ, ಆದರೆ ಅವಳ ಮಾತು ಮೀರಿದವರೂ ಇಲ್ಲ. ಮೊಂಡು, ಒರಟು, ಹೆಮ್ಮೆಯ ಹೆಂಗಸು. ಒಳ್ಳೆಯವಳಾಗಿರುವುದು ಅವಳಿಗೆ ಇಷ್ಟವಿಲ್ಲದಿದ್ದರೂ ಕರ್ತವ್ಯವೆಂದು ಒಳ್ಳೆಯವಳಾದವಳು. 1987ರ 'ಈಕ್ವಲ್ ರೈಟ್ಸ್'ನಿಂದ ಓದುಗರು ಅವಳನ್ನು ಬಲ್ಲರು. 28 ವರ್ಷ ಅವಳು ಸೋತದ್ದಿಲ್ಲ.

ಅವಳನ್ನು ಪ್ರ್ಯಾಚೆಟ್ ಕೊನೆಯ ಪುಸ್ತಕದ ಆರಂಭದಲ್ಲೇ ಸಾಯಿಸುತ್ತಾನೆ. ಯುದ್ಧದಲ್ಲಲ್ಲ, ಶತ್ರುವಿನ ಕೈಯಲ್ಲಲ್ಲ. ತನ್ನ ದಿನ ಬಂತೆಂದು ತಿಳಿದ ಅಜ್ಜಿ ಗುಡಿಸಲು ತೊಳೆದು ಗುಡಿಸಿ, ತನಗೆ ಬೇಕಾದ ಬುಟ್ಟಿಯನ್ನು ತಾನೇ ಹೆಣೆದು, ಹಾಸಿಗೆಯ ಮೇಲೆ ಮಲಗುತ್ತಾಳೆ. ಹಿಂದಿನ ಪುಸ್ತಕಗಳಲ್ಲಿ ಅವಳ ಮನಸ್ಸು ಹಕ್ಕಿಯ, ಪ್ರಾಣಿಯ ಒಳಹೊಕ್ಕು ಅಲೆಯುವಾಗ ದೇಹ ಹೆಣದ ಹಾಗೆ ಬಿದ್ದಿರುತ್ತಿತ್ತು. ಜನ ಹೆದರಿ ಹೂತುಬಿಡಬಾರದೆಂದು, ತಾನು ಸತ್ತಿಲ್ಲವೆಂದು ತಿಳಿಸುವ ಚೀಟಿಯೊಂದನ್ನು ಕಾಗುಣಿತ ತಪ್ಪಿ ಬರೆದು ಕೈಯಲ್ಲಿ ಹಿಡಿದಿರುತ್ತಿದ್ದಳು. ಹಳೆಯ ಓದುಗರಿಗೆಲ್ಲ ಬಾಯಿಪಾಠವಾದ ತಮಾಷೆ ಅದು. ಕೊನೆಯ ಸಲ ಚೀಟಿಯ ಒಕ್ಕಣೆ ಬದಲಾಗಿರುತ್ತದೆ. ಹತ್ತಾರು ವರ್ಷ ನಗಿಸಿದ ಒಂದು ಜೋಕು, ಒಂದೇ ಒಂದು ತಿದ್ದುಪಡಿಯಿಂದ, ಓದುಗನ ಗಂಟಲು ಕಟ್ಟಿಸುತ್ತದೆ. ಮತ್ತು ಅದು ಆಗಲೂ ಜೋಕಾಗಿಯೇ ಉಳಿದಿರುತ್ತದೆ ಎಂಬುದನ್ನು ಗಮನಿಸಬೇಕು. ದುಃಖ ಬಂತೆಂದು ಅವನು ಹಾಸ್ಯವನ್ನು ಹೊರಗೆ ನಿಲ್ಲಿಸಲಿಲ್ಲ. ಸರಣಿಯುದ್ದಕ್ಕೂ ಓಡಾಡುವ ಮೃತ್ಯು ಎಂಬ ಪಾತ್ರ ಬೆಕ್ಕುಗಳನ್ನು ಇಷ್ಟಪಡುವ, ಮನುಷ್ಯರನ್ನು ಅರ್ಥಮಾಡಿಕೊಳ್ಳಲು ಹೆಣಗುವ, ಸಂಕೋಚದ ಅಸ್ಥಿಪಂಜರ. ಯಮ-ಚಿತ್ರಗುಪ್ತರನ್ನು ನಾಟಕದ ರಂಗಕ್ಕೂ ಸಿನಿಮಾಕ್ಕೂ ಎಳೆದು ನಕ್ಕ ನಮಗೆ ಅವನು ಅಪರಿಚಿತನಲ್ಲ. ಅವನೂ ಅಜ್ಜಿಯ ಮುಂದೆ ಗೌರವದಿಂದ ನಿಲ್ಲುತ್ತಾನೆ.

ಪುಸ್ತಕದ ಉಳಿದ ಭಾಗವೆಲ್ಲ ಒಂದೇ ಪ್ರಶ್ನೆಯ ಸುತ್ತ: ಅಜ್ಜಿಯ ಕೆಲಸ ಇನ್ನು ಯಾರು ಮಾಡಬೇಕು? ಅಜ್ಜಿ ಗುಡಿಸಲನ್ನೂ ಹೊಣೆಯನ್ನೂ ಟಿಫನಿಗೆ ಬಿಟ್ಟಿದ್ದಾಳೆ. ಟಿಫನಿಗೆ ತನ್ನ ಊರಿನ ಕುರಿ-ಗುಡ್ಡಗಳೂ ಇವೆ, ಅಲ್ಲಿನ ಹೆರಿಗೆ-ಮುಪ್ಪು-ಸಾವುಗಳೂ ಇವೆ. ಎರಡೂ ಕಡೆ ಪೊರಕೆಯ ಮೇಲೆ ಹಾರಿ ಹಾರಿ ಅವಳು ಸುಸ್ತಾಗುತ್ತಾಳೆ, ಎರಡೂ ಕಡೆ ಕೆಲಸ ಹಿಂದೆ ಬೀಳುತ್ತದೆ. ಈ ನಡುವೆ ಅಜ್ಜಿ ಇಲ್ಲದ್ದರಿಂದ ಲೋಕದ ಬೇಲಿ ಸಡಿಲಾಗಿ, ಸುಂದರವಾದ ಆದರೆ ಕರುಣೆಯೆಂಬುದನ್ನೇ ಅರಿಯದ ಎಲ್ಫ್‌ಗಳು ನುಗ್ಗುತ್ತವೆ. ಯುದ್ಧ ನಡೆಯುತ್ತದೆ, ಗೆಲುವೂ ಆಗುತ್ತದೆ. ಅದು ಪುಸ್ತಕದ ಸಾಧಾರಣ ಭಾಗ. ಮುಖ್ಯವಾದದ್ದು ಟಿಫನಿಯ ತೀರ್ಮಾನ. ಅವಳು ಅಜ್ಜಿಯ ಗುಡಿಸಲನ್ನು ಇಟ್ಟುಕೊಳ್ಳುವುದಿಲ್ಲ. ಜೆಫ್ರಿ ಎಂಬ ಹುಡುಗನಿಗೆ ಅದನ್ನು ವಹಿಸಿ, ಕುರಿ ಕಾಯುತ್ತಿದ್ದ ತನ್ನ ಸ್ವಂತ ಅಜ್ಜಿಯ ಹಳೆಯ ಗಾಡಿಮನೆಯ ಉಳಿದ ಭಾಗಗಳಿಂದ ಹೊಸ ಮನೆ ಕಟ್ಟಿಕೊಳ್ಳಲು ಹೊರಡುತ್ತಾಳೆ. ಜೆಫ್ರಿ ಜಮೀನ್ದಾರನ ಕಿರಿಮಗ, ಬೇಟೆ ಒಲ್ಲದವನು, ಬುದ್ಧಿವಂತ ಮೇಕೆಯೊಂದನ್ನು ಕಟ್ಟಿಕೊಂಡು ಮನೆ ಬಿಟ್ಟು ಬಂದವನು. ಅವನಿದ್ದಲ್ಲಿ ಜಗಳ ತಾನಾಗಿ ತಣ್ಣಗಾಗುತ್ತದೆ. ಹೆಂಡತಿಯರ ಗದರಿಕೆಗೆ ಬೇಸತ್ತ ಊರಿನ ಮುದುಕರಿಗೆ ಕೂತು ಸಾಮಾನು ರಿಪೇರಿ ಮಾಡಿಕೊಳ್ಳಲೆಂದು ಶೆಡ್ಡು ಕಟ್ಟಿಸಿಕೊಡುವುದು ಅವನ ಮೊದಲ ಸಾಧನೆ. ಗಂಡಸೊಬ್ಬ ಈ ಉದ್ಯೋಗಕ್ಕೆ ಬಂದದ್ದು ಸರಣಿಯಲ್ಲಿ ಅದೇ ಮೊದಲು. 1987ರಲ್ಲಿ, ಮೂರನೆಯ ಕಾದಂಬರಿಯಲ್ಲಿ, ಗಂಡಸರಿಗಷ್ಟೇ ಮೀಸಲಾದ ಮಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹುಡುಗಿಯೊಬ್ಬಳು ಹೋಗಲು ಹಟ ಹಿಡಿದಾಗ ಜೊತೆಗೆ ನಿಂತವಳು ಇದೇ ವೆದರ್‌ವ್ಯಾಕ್ಸ್ ಅಜ್ಜಿ. 41ನೆಯದರಲ್ಲಿ ಅವಳ ಗುಡಿಸಲೇ ಹುಡುಗನೊಬ್ಬನಿಗೆ ಹೋಗುತ್ತದೆ. ಎಡವಿ ಸಿಕ್ಕ ಹೊಂದಾಣಿಕೆಯಲ್ಲ ಇದು. ಎಲ್ಲಿ ಶುರುಮಾಡಿದ್ದೆ, ಎಲ್ಲಿ ನಿಲ್ಲಿಸುತ್ತಿದ್ದೇನೆ ಎಂದು ಬಲ್ಲ ಬರಹಗಾರನ ಕೆಲಸ.

ಕಲಬುರಗಿ ಕಡೆಯವರಿಗೆ ಕಮಲಾಪುರದ ಕೆಂಪು ಬಾಳೆ ಗೊತ್ತು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಬಾಳೆಯ ಗಿಡ ಗೊನೆ ಹಾಕುವುದು ಒಂದೇ ಸಲ. ಗೊನೆ ಇಳಿಸಿದ ಮೇಲೆ ತಾಯಿಗಿಡವನ್ನು ಕಡಿಯುತ್ತಾರೆ, ತೋಟ ಮುಂದುವರಿಯುವುದು ಬುಡದ ಕಂದಿನಿಂದ. ಆ ಕಂದು ತಾಯಿ ನಿಂತ ಗುಳಿಯಲ್ಲೇ ಏಳುವುದಿಲ್ಲ, ಒಂದು ಗೇಣು ಪಕ್ಕಕ್ಕೆ ಸರಿದು ಏಳುತ್ತದೆ. 'ದಿ ಶೆಪರ್ಡ್ಸ್ ಕ್ರೌನ್' ಕಂಡುಕೊಂಡ ಮುಕ್ತಾಯ ಈ ಬಗೆಯದು. ಕೆಲಸ ಉಳಿಯಬೇಕು, ಆದರೆ ಹೊಸಬ ಹಳಬರ ಜಾಗದಲ್ಲೇ ನಿಂತು ಅವರಂತೆಯೇ ಆಗಲು ಹೊರಟರೆ ಕೆಡುತ್ತಾನೆ. ಸರ್ವಾಂಟಿಸ್‌ನ ಬೀಗಕ್ಕೂ ಆಡಮ್ಸ್‌ನ ಸ್ಫೋಟಕ್ಕೂ ಇಲ್ಲದ ಒಂದು ಗುಣ ಇದಕ್ಕಿದೆ: ಪುಸ್ತಕ ಮುಚ್ಚಿದ ಮೇಲೂ ಆ ಲೋಕ ನಡೆಯುತ್ತಿರುತ್ತದೆ ಎಂದು ಓದುಗ ನಂಬುತ್ತಾನೆ, ಆದರೂ ಕತೆ ಮುಗಿಯಿತೆಂದು ಒಪ್ಪುತ್ತಾನೆ. ಹೊರಟಲ್ಲಿಗೇ ಮರಳುವುದು ಹಾಸ್ಯದ ಸ್ವಭಾವವಾದರೆ, ಆ ಮರಳುವಿಕೆಯನ್ನು ಪಾತ್ರದಿಂದ ಬಿಡಿಸಿ ಕೆಲಸಕ್ಕೆ ಕಟ್ಟಿದ್ದು ಪ್ರ್ಯಾಚೆಟ್‌ನ ಜಾಣತನ. ನಾಳೆಯೂ ಯಾರದೋ ಮನೆಯಲ್ಲಿ ಹೆರಿಗೆ ಇದೆ, ಯಾವನೋ ಮುದುಕನ ಉಗುರು ಬೆಳೆದಿದೆ. ಹೋಗಿ ಕತ್ತರಿಸುವವರು ಬೇರೆ, ಅಷ್ಟೇ.

ಇದಕ್ಕೆ ಮೊದಲ ಆಕ್ಷೇಪ ಸರಳ: ಪುಸ್ತಕ ಪೂರ್ತಿಯಾಗಿಲ್ಲ. ನಿಜ. ಅವನ ಸಹಾಯಕ ರಾಬ್ ವಿಲ್ಕಿನ್ಸ್ ಪುಸ್ತಕದ ಕೊನೆಗೆ ಬರೆದ ಟಿಪ್ಪಣಿಯಲ್ಲೇ ಇದನ್ನು ಒಪ್ಪಿಕೊಂಡಿದ್ದಾನೆ: ಆದಿ-ಮಧ್ಯ-ಅಂತ್ಯಗಳಿವೆ, ಆದರೆ ಇನ್ನಷ್ಟು ದಿನ ಬದುಕಿದ್ದರೆ ಟೆರಿ ಇನ್ನಷ್ಟು ಬರೆಯುತ್ತಿದ್ದ ಎಂಬರ್ಥದಲ್ಲಿ. ಗೆಳೆಯ ನೀಲ್ ಗೈಮನ್ ಹೇಳಿರುವ ಪ್ರಕಾರ, ಬರೆಯಲಾಗದೆ ಉಳಿದ ಒಂದು ಮುಖ್ಯ ತಿರುವೂ ಇತ್ತು. ಸತ್ತ ಅಜ್ಜಿಯ ಮನಸ್ಸು ಕೊನೆಯವರೆಗೂ ಅವಳ ಬಿಳಿ ಬೆಕ್ಕಿನೊಳಗೆ ಅಡಗಿ ಕೂತಿದ್ದು, ಎಲ್ಲ ಮುಗಿದ ಮೇಲೆ ತಾನೇ ಒಪ್ಪಿ ಹೊರಡಬೇಕಿತ್ತು. ಎಲ್ಫ್ ರಾಣಿಯ ಮನಸ್ಸು ಬದಲಾಗುವ ಭಾಗ ಅವಸರದ್ದು, ಖಳನಿಗೆ ತೂಕವಿಲ್ಲ, ಹಿಂದಿನ ಪುಸ್ತಕಗಳಲ್ಲಿ ಪುಟಕ್ಕೆ ಮೂರು ಸಿಗುತ್ತಿದ್ದ ಚಮತ್ಕಾರದ ಅಡಿಟಿಪ್ಪಣಿಗಳು ಇಲ್ಲಿ ತೆಳುವಾಗಿವೆ. ಬಿಡಿ ಬಿಡಿಯಾಗಿ ನೋಡಿದರೆ 2006ರ 'ವಿಂಟರ್‌ಸ್ಮಿತ್' ಇದಕ್ಕಿಂತ ಬಿಗಿಯಾದ ಕಾದಂಬರಿ. ಆದರೆ ಕಾದಂಬರಿ ಹೇಗಿದೆ, ಸರಣಿ ಹೇಗೆ ಮುಗಿಯಿತು ಎಂಬವು ಎರಡು ಬೇರೆ ಪ್ರಶ್ನೆಗಳು. ಬೆಕ್ಕಿನ ತಿರುವನ್ನೇ ತೆಗೆದುಕೊಳ್ಳಿ. ಅದು ಬಂದಿದ್ದರೆ ಓದುಗರು ಕುಣಿದಾಡುತ್ತಿದ್ದರು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅಜ್ಜಿ ಕೊನೆಯವರೆಗೂ ಹಿಂದೆ ನಿಂತು ನೋಡಿಕೊಂಡಿದ್ದಳು ಎಂದಾದರೆ ಟಿಫನಿಯ ಗೆಲುವು ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು. ಬರೆಯಲಾಗದೆ ಹೋದದ್ದರಿಂದ ಪುಸ್ತಕಕ್ಕೆ ಲಾಭವೇ ಆಯಿತೆಂದು ನನಗನಿಸುತ್ತದೆ. ಲೇಖಕ ಇದನ್ನು ಒಪ್ಪುತ್ತಿದ್ದನೋ ಇಲ್ಲವೋ, ಅದು ಬೇರೆ ಮಾತು.

ಎರಡನೆಯ ಆಕ್ಷೇಪ ಇನ್ನಷ್ಟು ಗಟ್ಟಿಯಾದದ್ದು. ಸಾಯುವ ಲೇಖಕ ಬರೆದ ಸಾವಿನ ಕತೆಯೆಂದು ನಾವೆಲ್ಲ ಕರಗುತ್ತಿದ್ದೇವೆ, ಪುಸ್ತಕಕ್ಕಿಲ್ಲದ ಆಳವನ್ನು ಅವನ ಬದುಕಿನಿಂದ ಸಾಲ ತರುತ್ತಿದ್ದೇವೆ ಎಂಬುದು. ಸಾಲ ತರಲು ಕಾರಣಗಳಂತೂ ಬೇಕಾದಷ್ಟಿವೆ. 2007ರಲ್ಲಿ ಅವನಿಗೆ ಆಲ್ಝೈಮರ್ಸ್‌ನ ಅಪರೂಪದ ಬಗೆಯೊಂದು ಇದೆಯೆಂದು ಗೊತ್ತಾಯಿತು. ಮಿದುಳಿನ ಹಿಂಭಾಗವನ್ನು ಮೊದಲು ಹಿಡಿಯುವ ಕಾಯಿಲೆ, ಮಾತು ಮತ್ತು ಯೋಚನೆ ಸರಿಯಿದ್ದರೂ ಕಣ್ಣೆದುರಿನ ಕೀಲಿಮಣೆ ಕೈಗೆ ಸಿಗದಂತಾಗುತ್ತದೆ. ಅವನು ಅದನ್ನು ಮುಚ್ಚಿಡಲಿಲ್ಲ. ಸಂಶೋಧನೆಗೆ ದೊಡ್ಡ ಮೊತ್ತ ಕೊಟ್ಟ, ಸ್ವಇಚ್ಛೆಯ ಸಾವಿನ ಬಗ್ಗೆ 2011ರಲ್ಲಿ ಬಿಬಿಸಿಗೆ ಸಾಕ್ಷ್ಯಚಿತ್ರ ಮಾಡಿದ. ಕೊನೆಯ ಕಾದಂಬರಿಗಳನ್ನು ಕಂಪ್ಯೂಟರಿಗೂ ವಿಲ್ಕಿನ್ಸ್‌ಗೂ ಬಾಯಲ್ಲಿ ಹೇಳಿ ಬರೆಸಿದ. ಸತ್ತ ದಿನ ಅವನ ಟ್ವಿಟ್ಟರ್ ಖಾತೆಯಲ್ಲಿ ಸುದ್ದಿ ಹೇಳಿದ್ದೂ ಮೃತ್ಯುವೆಂಬ ಪಾತ್ರದ ದನಿಯೇ. ಇಷ್ಟೆಲ್ಲ ಗೊತ್ತಿದ್ದ ಓದುಗ ಅಜ್ಜಿಯ ಹಾಸಿಗೆಯ ಪಕ್ಕ ಲೇಖಕನನ್ನು ಕಾಣುವುದು ಸಹಜ. ಆದರೂ ಸರಣಿಯನ್ನೇ ಸಾಕ್ಷಿಗೆ ಕರೆಯೋಣ. ಸಾವಿನ ಪಕ್ಕ ಕೂತು ನಗುವುದು ಅವನು ಕಾಯಿಲೆಯಿಂದ ಕಲಿತದ್ದಲ್ಲ. 1987ರ 'ಮಾರ್ಟ್' ಕಾದಂಬರಿಯಲ್ಲೇ ಮೃತ್ಯು ಕೆಲಸಕ್ಕೆ ಶಿಷ್ಯನೊಬ್ಬನನ್ನು ಇಟ್ಟುಕೊಂಡಿದ್ದ. 2003ರಲ್ಲಿ, ರೋಗ ಗೊತ್ತಾಗುವ ನಾಲ್ಕು ವರ್ಷ ಮೊದಲೇ, ಟಿಫನಿಯ ಕತೆ ಶುರುವಾಗುವುದೇ ತೀರಿಹೋದ ಅಜ್ಜಿಯೊಬ್ಬಳ ಕೆಲಸವನ್ನು ಮೊಮ್ಮಗಳು ಹೇಗೆ ಎತ್ತಿಕೊಳ್ಳಬೇಕೆಂಬ ಪ್ರಶ್ನೆಯಿಂದ. ಕೊನೆಯ ಪುಸ್ತಕಕ್ಕೆ ಹೆಸರು ಕೊಟ್ಟ ಕುರುಬನ ಕಿರೀಟವೂ ಆ ಮನೆತನದಲ್ಲಿ ಕೈಯಿಂದ ಕೈಗೆ ಬಂದ ಒಂದು ಪಳೆಯುಳಿಕೆ, ಲಕ್ಷಾಂತರ ವರ್ಷಗಳ ಹಿಂದೆ ಆ ಗುಡ್ಡಗಳೆಲ್ಲ ಕಡಲ ತಳವಾಗಿದ್ದಾಗ ಬದುಕಿದ್ದ ಮುಳ್ಳುಚೆಂಡಿನಂಥ ಜೀವಿಯ ಕಲ್ಲುರೂಪ. ಲೇಖಕನ ಬದುಕನ್ನು ಪೂರ್ತಿ ಮರೆತು ಓದಿದರೂ ಈ ಎಳೆ ಕಡಿಯುವುದಿಲ್ಲ.

ಮೂರನೆಯದು ನನಗೆ ನಿಜವಾಗಿ ಕಷ್ಟ ಕೊಟ್ಟ ಆಕ್ಷೇಪ. ಕೆಲಸವನ್ನು ಮುಂದಿನವರಿಗೆ ಒಪ್ಪಿಸಬೇಕೆಂದು ಪುಸ್ತಕ ಹೇಳುತ್ತಿದ್ದರೆ, ಲೇಖಕ ಯಾಕೆ ಒಪ್ಪಿಸಲಿಲ್ಲ? ಅವನ ಮಗಳು ರಿಯಾನ ಸ್ವತಃ ಬರಹಗಾರ್ತಿ. ಆದರೂ 2015ರಲ್ಲೇ ಅವಳು ಇನ್ನು ಡಿಸ್ಕ್‌ವರ್ಲ್ಡ್ ಕಾದಂಬರಿ ಬರುವುದಿಲ್ಲ, ತಾನೂ ಬರೆಯುವುದಿಲ್ಲ, ಬೇರೆಯವರಿಗೂ ಕೊಡುವುದಿಲ್ಲ ಎಂದು ಸ್ಪಷ್ಟಪಡಿಸಿದಳು. 2017ರ ಆಗಸ್ಟ್ 25ರಂದು, ಅವನ ಇಚ್ಛೆಯಂತೆ, ಅಪೂರ್ಣ ಬರಹಗಳಿದ್ದ ಹಾರ್ಡ್ ಡಿಸ್ಕನ್ನು ಇಂಗ್ಲೆಂಡಿನ ಡಾರ್ಸೆಟ್ ಉಗಿಯಂತ್ರ ಜಾತ್ರೆಯಲ್ಲಿ ರಸ್ತೆ ದಬ್ಬುವ ಹಳೆಯ ಸ್ಟೀಮ್ ರೋಲರಿನಡಿ ಹಾಕಿ ಅರೆಯಲಾಯಿತು. ಯಂತ್ರದ ಹೆಸರು 'ಲಾರ್ಡ್ ಜೆರಿಕೊ'. (ಉಳಿದ ಚೂರುಗಳನ್ನು ಆಮೇಲೆ ಸಾಲಿಸ್ಬರಿಯ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕಿಟ್ಟರು, ಅವನೇ ಬರೆದಿದ್ದರೆ ಇದಕ್ಕಿಂತ ಚೆನ್ನಾದ ದೃಶ್ಯ ಬರುತ್ತಿರಲಿಲ್ಲ.) ಇದು ಸರ್ವಾಂಟಿಸ್‌ನ ಬೀಗಕ್ಕಿಂತ ಏನು ಬೇರೆ ಎಂದು ಕೇಳಬಹುದು. ಬೇರೆ ಏನೆಂದರೆ, ಟಿಫನಿ ಕೂಡ ಅಜ್ಜಿಯ ಗುಡಿಸಲಲ್ಲಿ ಅಜ್ಜಿಯಾಗಿ ಕೂರಲು ಒಪ್ಪಲಿಲ್ಲ. ಒಪ್ಪಿಸಬೇಕಾದದ್ದು ಕಸುಬು, ನಾಮಫಲಕವಲ್ಲ. ಸತ್ತವನ ಅರ್ಧ ವಾಕ್ಯಗಳನ್ನು ಹಿಡಿದು ಅವನ ದನಿಯಲ್ಲೇ ಮಾತಾಡಲು ಹೊರಡುವುದು, ಪುಸ್ತಕದ ಭಾಷೆಯಲ್ಲೇ ಹೇಳುವುದಾದರೆ, ಎರಡು ಊರುಗಳ ನಡುವೆ ಹಾರಿ ಸುಸ್ತಾಗುವ ಕೆಲಸ.

ಹೆಸರು ಬಿಟ್ಟು ಕಸುಬನ್ನಷ್ಟೇ ಒಪ್ಪಿಸಿದ್ದಕ್ಕೆ ಕನ್ನಡದಲ್ಲಿ ಒಳ್ಳೆಯ ನಿದರ್ಶನಗಳಿವೆ. ನಮ್ಮ ನಗೆ ಮಾಯಾಲೋಕಗಳನ್ನು ಕಟ್ಟಿದ್ದಕ್ಕಿಂತ ಜಗುಲಿ, ಆಫೀಸು, ಹೋಟೆಲುಗಳಲ್ಲೇ ಹೆಚ್ಚು ಓಡಾಡಿತು. ಆದರೆ ದೀರ್ಘ ಬಾಳು ಬಾಳಿ ಮುಗಿಯುವ ಸಂಕಟ ಅದಕ್ಕೂ ಇತ್ತು. ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ರಾಶಿ, 1942ರಲ್ಲಿ ಬೆಂಗಳೂರಿನಲ್ಲಿ 'ಕೊರವಂಜಿ' ಶುರುಮಾಡಿದರು. ನಾ.ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರ ನಗೆ ಬೆಳೆದದ್ದು ಅಲ್ಲಿ, ಆರ್.ಕೆ. ಲಕ್ಷ್ಮಣ್ ಹೆಸರಾಗುವ ಮೊದಲು ಗೆರೆ ಎಳೆದದ್ದೂ ಅಲ್ಲಿಯೇ. 25 ವರ್ಷ ನಡೆಸಿ 1967ರಲ್ಲಿ ಅದನ್ನು ನಿಲ್ಲಿಸಿದರು. 1983ರಲ್ಲಿ ಅದೇ ಪರಂಪರೆಯಿಂದ ಪತ್ರಿಕೆಯೊಂದು ಮತ್ತೆ ಎದ್ದಾಗ ಹಳೆಯ ಹೆಸರಿನಲ್ಲಿ ಬರಲಿಲ್ಲ, 'ಅಪರಂಜಿ'ಯಾಗಿ ಬಂತು. ಪ್ರಾಸ ಉಳಿಯಿತು, ಹೆಸರು ಬೇರೆಯಾಯಿತು. ಹರಪನಹಳ್ಳಿಯ ಬೀಚಿ 1980ರಲ್ಲಿ ತೀರಿಕೊಂಡ ಮೇಲೆ ಅವರ ತಿಂಮನ ಹೊಸ ಪುಸ್ತಕಗಳನ್ನು ಬೀಚಿಯ ಹೆಸರಿನಲ್ಲಿ ಬರೆಯಲು ಯಾರೂ ಕೂರಲಿಲ್ಲ; ಕೂತಿದ್ದರೆ ಓದುತ್ತಲೂ ಇರಲಿಲ್ಲ. ಆದರೆ ಆ ಕಸುಬು ಸಾಯಲಿಲ್ಲ. ಪುಸ್ತಕದಿಂದ ಇಳಿದು ವೇದಿಕೆ ಹತ್ತಿತು. ಗಂಗಾವತಿ ಪ್ರಾಣೇಶ್ ಅಂಥವರು ಬೀಚಿಯನ್ನು ಹೆಸರು ಹಿಡಿದು ನೆನೆದು, ಬೀಚಿಯಂತೆ ಬರೆಯದೆ, ತಮ್ಮ ಸೀಮೆಯ ಮಾತಿನಲ್ಲಿ ತಾಸುಗಟ್ಟಲೆ ನಿಂತು ನಗಿಸಿದರು. ಕಲಬುರಗಿ, ರಾಯಚೂರು, ಕೊಪ್ಪಳದ ಸಭಿಕರಿಗೆ ತಿಂಮ ಇವತ್ತೂ ಗೊತ್ತಿದ್ದರೆ ಅದಕ್ಕೆ ಈ ಪಕ್ಕಕ್ಕೆ ಸರಿದು ಎದ್ದವರೂ ಕಾರಣ.

ಇನ್ನು ಇದು ಮಕ್ಕಳ ಪುಸ್ತಕ, ಹಾಸ್ಯದ ಪುಸ್ತಕ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎನ್ನುವವರಿದ್ದಾರೆ. ಕೊನೆಯ ಪುಸ್ತಕ ಬಂದ ಕೆಲವೇ ದಿನಗಳಲ್ಲಿ 'ಗಾರ್ಡಿಯನ್' ಪತ್ರಿಕೆಯ ಕಲಾವಿಮರ್ಶಕ ಜೊನಾಥನ್ ಜೋನ್ಸ್ ಪ್ರ್ಯಾಚೆಟ್ ದೊಡ್ಡ ಸಾಹಿತಿಯೇನಲ್ಲವೆಂದು ಬರೆದು, ತಾನು ಅವನ ಒಂದು ಪುಸ್ತಕವನ್ನೂ ಓದಿಲ್ಲವೆಂದು ಅದೇ ಲೇಖನದಲ್ಲಿ ಒಪ್ಪಿಕೊಂಡಿದ್ದ. ಆಮೇಲೆ ಒಂದನ್ನು ಓದಿ ಸ್ವಲ್ಪ ಮೆತ್ತಗಾದ. ಇಂಥ ಮಾತಿಗೆ ಉತ್ತರ ಬೇಕಿಲ್ಲ, ಆದರೆ ಓದಲು ಹೊರಡುವವರಿಗೆ ಒಂದು ಸೂಚನೆ ಬೇಕು. 41 ಪುಸ್ತಕಗಳೆಂದು ಹೆದರಬೇಕಾಗಿಲ್ಲ; ಅವುಗಳಲ್ಲಿ ಹೆಚ್ಚಿನವನ್ನು ಬಿಡಿಯಾಗಿಯೇ ಓದಬಹುದು. ಟಿಫನಿಯ ಐದನ್ನು ಮಾತ್ರ ಕ್ರಮ ತಪ್ಪಿಸಬಾರದು: 'ದಿ ವೀ ಫ್ರೀ ಮೆನ್', 'ಎ ಹ್ಯಾಟ್ ಫುಲ್ ಆಫ್ ಸ್ಕೈ', 'ವಿಂಟರ್‌ಸ್ಮಿತ್', 2010ರ 'ಐ ಶಲ್ ವೇರ್ ಮಿಡ್‌ನೈಟ್', ಆಮೇಲೆ ಇದು. ವೆದರ್‌ವ್ಯಾಕ್ಸ್ ಅಜ್ಜಿಯನ್ನು ಕಟ್ಟುಮಸ್ತಾಗಿ ನೋಡಬೇಕೆಂದರೆ ನಡುವೆ 1988ರ 'ವಿಯರ್ಡ್ ಸಿಸ್ಟರ್ಸ್' ಸೇರಿಸಿಕೊಳ್ಳಬಹುದು. ಕೊನೆಯದನ್ನೇ ಮೊದಲು ಎತ್ತಿಕೊಂಡರೆ ಗುಡಿಸಲು ತೊಳೆದು ಮಲಗುವ ಮುದುಕಿಯೊಬ್ಬಳಷ್ಟೇ ಕಾಣುತ್ತಾಳೆ, ಅವಳ ಕೈಯ ಚೀಟಿ ಏಕೆ ನಗು ತರಿಸುತ್ತದೆಂದು ತಿಳಿಯುವುದಿಲ್ಲ.